ಸುದ್ದಿ ಬಂದಾಗ ವಿಚಾರಿಸಿರಿ



ಸೂರಃ ಅಲ್ ಹುಜುರಾತ್‌ನಲ್ಲಿ ಅಲ್ಲಾಹನು ಸತ್ಯವಿಶ್ವಾಸಿಗಳನ್ನು ಕರೆದು ಒಂದು ಆಜ್ಞೆ ಕೊಟ್ಟಿದ್ದಾನೆ. ನಂಬಲರ್ಹನಲ್ಲದವನೊಬ್ಬನು ಸುದ್ದಿ ತಂದರೆ ಅದನ್ನು ಚೆನ್ನಾಗಿ ವಿಚಾರಿಸಬೇಕು, ಇಲ್ಲವಾದರೆ ತಿಳಿಯದೆ ಯಾರಿಗೋ ಹಾನಿ ಮಾಡಿ ಆಮೇಲೆ ಕೊರಗಬೇಕಾದೀತು ಎಂಬುದು ಅದರ ಆಶಯ. ಝಕಾತ್ ಸಂಗ್ರಹಕ್ಕೆ ಹೋಗಿದ್ದ ಒಬ್ಬರು ಆ ಗೋತ್ರದವರು ಕೊಡಲು ನಿರಾಕರಿಸಿದರೆಂದು ತಪ್ಪು ವರದಿ ತಂದರು, ಅದನ್ನು ನಂಬಿದ್ದರೆ ನಿರಪರಾಧಿಗಳ ಮೇಲೆ ಯುದ್ಧವೇ ಆಗಿಬಿಡುತ್ತಿತ್ತು ಎಂದು ವ್ಯಾಖ್ಯಾನಕಾರರು ಇದರ ಹಿನ್ನೆಲೆಯನ್ನು ವಿವರಿಸಿದ್ದಾರೆ. ಈ ಆಜ್ಞೆಯನ್ನು ನಾನು ಎಷ್ಟೋ ಸಲ ಓದಿದ್ದೆ, ಇತರರಿಗೆ ಓದಿಸಿಯೂ ಇದ್ದೆ. ಆದರೂ ಅದನ್ನು ಮುರಿದವರ ಸಾಲಿನಲ್ಲಿ ನಾನೂ ನಿಂತಿದ್ದೇನೆ. ಆದ್ದರಿಂದ ಇಂದು ಉಪದೇಶಕ್ಕೆ ಮುಂಚೆ ತಪ್ಪೊಪ್ಪಿಗೆ.

ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ನಮ್ಮ ಕಮಠಾಣದಲ್ಲಿ ಒಂದು ರಾತ್ರಿ ಇಶಾ ನಮಾಝ್ ಮುಗಿದಿತ್ತು. ಯುವಕನೊಬ್ಬ ಮೊಬೈಲ್ ತಂದು ಕೈಗಿತ್ತ. ಇಂದು ರಾತ್ರಿ ಹನ್ನೆರಡೂವರೆಯಿಂದ ಮೂರೂವರೆಯವರೆಗೆ ಕಾಸ್ಮಿಕ್ ಕಿರಣಗಳು ಭೂಮಿಯ ಬಳಿ ಹಾದುಹೋಗಲಿವೆ, ಫೋನ್ ಆರಿಸಿ ದೂರ ಇಡಿ, ನಾಸಾ ಮತ್ತು ಬಿಬಿಸಿ ಹೇಳಿವೆ ಎಂದು ಅದರಲ್ಲಿತ್ತು. ದೇಶದ ಎಷ್ಟೋ ಊರುಗಳಲ್ಲಿ ಇದೇ ಸಂದೇಶ ವರ್ಷವರ್ಷವೂ ಸುತ್ತಿದೆ. ನಿಮ್ಮ ಮನೆಗೂ ಬಂದಿರಬಹುದು. ದೊಡ್ಡ ಹೆಸರುಗಳನ್ನು ಕಂಡು ನನಗೆ ಸಂಶಯವೇ ಬರಲಿಲ್ಲ. ಜನರಿಗೆ ಒಳ್ಳೆಯದಾಗಲಿ ಎಂದು ಮೈಕಿನಲ್ಲಿ ಓದಿಬಿಟ್ಟೆ.

ಆ ರಾತ್ರಿ ನಮ್ಮ ಮೊಹಲ್ಲಾದ ಒಬ್ಬ ಸಹೋದರನ ತಂದೆ ಬೀದರಿನ ಆಸ್ಪತ್ರೆಯಲ್ಲಿದ್ದರು. ತಮ್ಮ ಅವರ ಬಳಿ ಇದ್ದ. ಎರಡು ಗಂಟೆಯ ಹೊತ್ತಿಗೆ ಅವರ ಸ್ಥಿತಿ ಬಿಗಡಾಯಿಸಿತು. ತಮ್ಮ ಮತ್ತೆ ಮತ್ತೆ ಫೋನ್ ಮಾಡಿದ. ಅಣ್ಣನ ಫೋನ್ ಆರಿಸಿತ್ತು. ಅಣ್ಣ ಬೀದರ್ ತಲಪಿದ್ದು ಫಜ್ರ್ ಆದ ಮೇಲೆ. ಅಷ್ಟರಲ್ಲಿ ತಂದೆಯ ಮುಖಕ್ಕೆ ಬಟ್ಟೆ ಎಳೆದಾಗಿತ್ತು. ದಫನ್ ಮುಗಿದ ಮೇಲೆ ಅವನು ನನ್ನ ಕೈ ಹಿಡಿದು ಹೇಳಿದ ಮಾತು ಇಷ್ಟೇ: "ಮಾಸ್ತರ್ ಸಾಬ್, ನೀವ್ ಮೈಕಿನ್ಯಾಗ ಹೇಳಿದ್ರಿ ಅಂತ ಬಂದ್ ಮಾಡಿದ್ದೆ." ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು.

ಕಾಸ್ಮಿಕ್ ಕಿರಣಗಳು ಹಗಲೂ ರಾತ್ರಿಯೂ ನಮ್ಮ ಮೇಲೆ ಸುರಿಯುತ್ತಲೇ ಇರುತ್ತವೆ, ಅವುಗಳಿಗೆ ಹನ್ನೆರಡೂವರೆಯ ಗಡಿಯಾರವಿಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ. ಆ ನಾಚಿಕೆಯಿಂದಲೇ ಈ ವಿಷಯವಾಗಿ ಸಿಕ್ಕಿದ್ದನ್ನು ಓದತೊಡಗಿದೆ. ಆಗ ಒಂದು ವಿಚಿತ್ರ ಕಂಡಿತು. ಸುಳ್ಳು ಸಂದೇಶ ಹೆದರಿಸಿದ ಬಗೆಯ ಕಿರಣಗಳ ಮಳೆ ನಿಜವಾಗಿಯೂ ಒಂದು ದಿನ ನಮ್ಮ ನೆತ್ತಿಯ ಮೇಲೆಯೇ ಸುರಿದಿತ್ತು, ಮತ್ತು ನಮ್ಮಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ.

ಅದು 2022ರ ಅಕ್ಟೋಬರ್ 9, ಭಾನುವಾರ. ಸೀಗಿ ಹುಣ್ಣಿಮೆಯ ದಿನ. ಸಂಜೆ 6 ಗಂಟೆ 47 ನಿಮಿಷ. ಮಗ್ರಿಬ್ ಮುಗಿದು ಇಶಾಗೆ ಇನ್ನೂ ಹೊತ್ತಿತ್ತು. ಆಗ ಗಾಮಾ ಕಿರಣಗಳ ಒಂದು ಅಲೆ ಭೂಮಿಗೆ ಬಡಿಯಿತು. ಅದು ಬಂದ ದಿಕ್ಕು ಶ್ರವಣ ನಕ್ಷತ್ರದ ಸಮೀಪದ ಸಜಿಟ್ಟಾ ಎಂಬ ಪುಟ್ಟ ತಾರಾಗುಂಪು. ಆ ಹೊತ್ತಿಗೆ ಅದು ಬೀದರ್ ಜಿಲ್ಲೆಯ ನೆತ್ತಿಗೆ ಕೆಲವೇ ಡಿಗ್ರಿ ಓರೆಯಾಗಿತ್ತು. ಉಪಗ್ರಹಗಳು ಈವರೆಗೆ ಕಂಡ ಗಾಮಾ ಕಿರಣ ಸ್ಫೋಟಗಳಲ್ಲೆಲ್ಲ ಅದೇ ಅತ್ಯಂತ ಪ್ರಖರ. ಹತ್ತು ಸಾವಿರ ವರ್ಷಕ್ಕೊಮ್ಮೆ ಬರಬಹುದಾದದ್ದು ಎಂದು ಲೆಕ್ಕ ಹಾಕಿದ್ದಾರೆ. ಭೂಮಿಯ ಮೇಲ್ಪದರದ ವಾತಾವರಣವನ್ನು ಅದು ಕ್ಷಣಕಾಲ ಕಲಕಿತು, ಅದನ್ನು ಉಪಕರಣಗಳು ದಾಖಲಿಸಿವೆ. ಆದರೆ ಕೆಳಗಿನ ನಮಗೆ, ನಮ್ಮ ಮಕ್ಕಳಿಗೆ, ನಮ್ಮ ಫೋನುಗಳಿಗೆ ಏನೂ ಆಗಲಿಲ್ಲ. ಅಲ್ಲಾಹನು ನಮ್ಮ ತಲೆಯ ಮೇಲೆ ಹೊದಿಸಿದ ಗಾಳಿಯ ಪದರ ಆ ಕಿರಣಗಳನ್ನು ಮೇಲೆಯೇ ತಡೆಯಿತು.

ಈ ಸ್ಫೋಟಗಳ ಕತೆ 1967ರಿಂದ ಶುರುವಾಗುತ್ತದೆ. ಯಾರಾದರೂ ಗುಟ್ಟಾಗಿ ಅಣುಬಾಂಬ್ ಪರೀಕ್ಷೆ ನಡೆಸುತ್ತಾರೋ ಎಂದು ಕಾಯಲು ಅಮೆರಿಕ ಹಾರಿಸಿದ್ದ ವೇಲಾ ಉಪಗ್ರಹಗಳಿಗೆ ಆಕಾಶದಿಂದ ಗಾಮಾ ಕಿರಣಗಳ ಮಿಂಚೊಂದು ಸಿಕ್ಕಿತು. ಅದು ಬಾಂಬ್ ಅಲ್ಲ, ಭೂಮಿಯಿಂದಲೂ ಸೂರ್ಯನಿಂದಲೂ ಬಂದದ್ದಲ್ಲ ಎಂದು ಖಚಿತಪಡಿಸಿಕೊಂಡು 1973ರಲ್ಲಿ ಪ್ರಕಟಿಸಿದರು. ಆದರೆ ಎಷ್ಟು ದೂರದಿಂದ ಬರುತ್ತದೆ? ಗೊತ್ತಿರಲಿಲ್ಲ. ನಮ್ಮ ಆಕಾಶಗಂಗೆಯ ಅಂಚಿನಿಂದ ಎಂದು ಕೆಲವರು, ಬ್ರಹ್ಮಾಂಡದ ದೂರದ ಮೂಲೆಗಳಿಂದ ಎಂದು ಇನ್ನು ಕೆಲವರು. ಮಿಂಚು ಕೆಲವೇ ಕ್ಷಣಗಳದ್ದು. ತಿರುಗಿ ನೋಡುವಷ್ಟರಲ್ಲಿ ಆರಿರುತ್ತಿತ್ತು. ಮೂವತ್ತು ವರ್ಷ ಹೀಗೆಯೇ ಕಳೆಯಿತು.

1997ರ ಫೆಬ್ರವರಿ 28ರಂದು ಬೆಪ್ಪೋಸ್ಯಾಕ್ಸ್ ಎಂಬ ಉಪಗ್ರಹ ಒಂದು ಸ್ಫೋಟದ ಜಾಗವನ್ನು ಬೇಗನೆ ಗುರುತಿಸಿಕೊಟ್ಟಿತು. ಅದೇ ರಾತ್ರಿ ಲಾ ಪಾಲ್ಮಾ ದ್ವೀಪದ ದೂರದರ್ಶಕ ಅತ್ತ ತಿರುಗಿತು. ಕೆಲವು ದಿನ ಬಿಟ್ಟು ತೆಗೆದ ಚಿತ್ರಕ್ಕೆ ಹೋಲಿಸಿದಾಗ ಮೊದಲ ರಾತ್ರಿಯ ಚಿತ್ರದಲ್ಲಿ ಮಾತ್ರ ಒಂದು ಬೆಳಕಿನ ಚುಕ್ಕಿ ಹೆಚ್ಚಾಗಿತ್ತು. ಒಲೆ ಆರಿಸಿದ ಮೇಲೂ ಕೆಂಡ ಸ್ವಲ್ಪ ಹೊತ್ತು ಕೆಂಪಗಿರುವುದಿಲ್ಲವೇ? ಸ್ಫೋಟದಿಂದ ಚಿಮ್ಮಿದ ದ್ರವ್ಯ ಸುತ್ತಲಿನ ಅನಿಲಕ್ಕೆ ಬಡಿದಾಗ ಹುಟ್ಟುವ ಈ ಉಳಿಬೆಳಕು ಗಂಟೆಗಳ, ದಿನಗಳ ಕಾಲ ಮಂದವಾಗುತ್ತಾ ಹೋಗುತ್ತದೆ. ಅದು ಪೂರ್ತಿ ಆರಿದ ಮೇಲೆ ಅದೇ ಜಾಗವನ್ನು ದೊಡ್ಡ ದೂರದರ್ಶಕದಿಂದ ತಾಳ್ಮೆಯಿಂದ ನೋಡಿದರೆ ಮಸುಕಾದ ಗ್ಯಾಲಕ್ಸಿಯೊಂದು ಕಾಣುತ್ತದೆ. ಸ್ಫೋಟಿಸಿದ ನಕ್ಷತ್ರದ ತವರು ಅದು. ಅದೇ ವರ್ಷದ ಮೇ ತಿಂಗಳ ಇನ್ನೊಂದು ಸ್ಫೋಟದ ಉಳಿಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದಾಗ, ದಾರಿಯಲ್ಲಿ ಅನಿಲಗಳು ನುಂಗಿದ ಬಣ್ಣಗಳ ಗುರುತು ಸಿಕ್ಕಿತು. ಅದರಿಂದ ದೂರದ ಲೆಕ್ಕ ಸಿಕ್ಕಿತು: ನೂರಾರು ಕೋಟಿ ಜ್ಯೋತಿರ್ವರ್ಷಗಳು. ಮೂವತ್ತು ವರ್ಷದ ವಾದ ಅಲ್ಲಿಗೆ ಮುಗಿಯಿತು.

ಈ ಕಾವಲು ಕೆಲಸದಲ್ಲಿ ನಮ್ಮ ರಾಜ್ಯದ ಪಾಲೂ ಇದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ, ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವನ್ನು 2000ದಲ್ಲಿ ನಿಲ್ಲಿಸಿದರು. ಅದನ್ನು ನಡೆಸುವವರು ಕುಳಿತಿರುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ, ಉಪಗ್ರಹ ಸಂಪರ್ಕದ ಮೂಲಕ. ಸ್ಫೋಟದ ಸುದ್ದಿ ಬಂದರೆ ಆ ರಾತ್ರಿಯ ಬೇರೆ ಕೆಲಸ ಬದಿಗಿಟ್ಟು ದೂರದರ್ಶಕವನ್ನು ಅತ್ತ ತಿರುಗಿಸುತ್ತಾರೆ. ನಾಳೆ ನೋಡೋಣ ಎಂದರೆ ಬೆಳಕು ಕಾಯುವುದಿಲ್ಲ. ಹಾನ್ಲೆಯಲ್ಲೇ ಇರುವ ಗ್ರೋತ್-ಇಂಡಿಯಾ ಎಂಬ ಚಿಕ್ಕ ದೂರದರ್ಶಕ 2022ರ ಆ ಮಹಾಸ್ಫೋಟದ ಉಳಿಬೆಳಕನ್ನೂ ಅಳೆಯಿತು. ಬರಿಗಣ್ಣಿಗೆ ಕಾಣುವ ಅತಿ ಮಂದ ನಕ್ಷತ್ರಕ್ಕಿಂತಲೂ ಸಾವಿರಾರು ಪಟ್ಟು ಮಂದವಾದ ಬೆಳಕು ಅದು.

ಆ ದಿನ ನಡೆದ ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಸ್ಫೋಟವಾಗಿ 53 ನಿಮಿಷದ ನಂತರ ಸ್ವಿಫ್ಟ್ ಎಂಬ ಉಪಗ್ರಹದ ದೃಷ್ಟಿಗೆ ಆ ಬೆಳಕು ಬಿತ್ತು. ನಮ್ಮ ಆಕಾಶಗಂಗೆಯ ಧೂಳಿನ ಪಟ್ಟಿಯ ದಿಕ್ಕಿನಲ್ಲಿದ್ದುದರಿಂದ ಇದು ನಮ್ಮ ಗ್ಯಾಲಕ್ಸಿಯದೇ ಹೊಸ ಬೆಳಕಿರಬೇಕೆಂದು ಅವರು ಮೊದಲು ಪ್ರಕಟಿಸಿದರು. ಕೆಲವು ಗಂಟೆಗಳಲ್ಲಿ ಫರ್ಮಿ ಎಂಬ ಇನ್ನೊಂದು ಉಪಗ್ರಹದ ದಾಖಲೆಯೊಂದಿಗೆ ತಾಳೆ ನೋಡಿದಾಗ ತಪ್ಪು ತಿಳಿಯಿತು. ಮೊದಲ ಸುದ್ದಿ ಯಾರು ಯಾರಿಗೆ ಹೋಗಿತ್ತೋ ಅವರೆಲ್ಲರಿಗೂ ತಿದ್ದುಪಡಿ ಹೋಯಿತು. ಆಮೇಲೆ ಚಿಲಿ ದೇಶದ ದೊಡ್ಡ ದೂರದರ್ಶಕ ದೂರವನ್ನು ಅಳೆಯಿತು: ಆ ಬೆಳಕು ಹೊರಟು ಹೆಚ್ಚುಕಡಿಮೆ 200 ಕೋಟಿ ವರ್ಷಗಳಾಗಿದ್ದವು. ಅವರಲ್ಲಿ ಬಹಳ ಮಂದಿಗೆ ಸೂರಃ ಅಲ್ ಹುಜುರಾತ್‌ನ ಪರಿಚಯವಿಲ್ಲದಿರಬಹುದು. ಪರಿಚಯವಿದ್ದ ನಾನು ಮೈಕ್ ಹಿಡಿಯುವ ಮುಂಚೆ ಒಬ್ಬರನ್ನೂ ಕೇಳಿರಲಿಲ್ಲ.

ಇಲ್ಲಿ ಇನ್ನೊಂದು ಎಚ್ಚರ ಬೇಕು. 2022ರ ಅಕ್ಟೋಬರ್ 9 ನಮ್ಮ ದೇಶದಲ್ಲಿ ಈದ್ ಮಿಲಾದ್‌ನ ದಿನವೂ ಹೌದು. ಇದನ್ನು ಓದಿದ ಕೂಡಲೇ ನಮ್ಮಲ್ಲೊಬ್ಬರಿಗೆ ಏನು ತೋಚೀತೆಂದು ನನಗೆ ಗೊತ್ತು. ಪ್ರವಾದಿಯವರ(ಸ) ಜನ್ಮದಿನಕ್ಕೆ ಆಕಾಶವೇ ದೀಪ ಹಚ್ಚಿತು ಎಂದು ಬರೆದು, ಹಸಿರು ಚಿತ್ರ ಸೇರಿಸಿ, ಹತ್ತು ಮಂದಿಗೆ ಕಳುಹಿಸಿ ಪುಣ್ಯ ಪಡೆಯಿರಿ ಎಂದು ಹೇಳಿಯಾರು. ದಯವಿಟ್ಟು ನಿಲ್ಲಿಸಿ. ಪ್ರವಾದಿಯವರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಆ ಮಗುವಿನ ಸಾವಿಗೇ ಸೂರ್ಯ ಮಂಕಾದನೆಂದು ಜನರು ಆಡಿಕೊಂಡರು. ಬೇರೆ ಯಾರಾದರೂ ಆಗಿದ್ದರೆ ಆ ಮಾತನ್ನು ಹಾಗೆಯೇ ಬಿಡುತ್ತಿದ್ದರೇನೋ. ಮಗನನ್ನು ಮಣ್ಣಿಗೆ ಕೊಟ್ಟ ದುಃಖದ ನಡುವೆಯೂ ಪ್ರವಾದಿಯವರು(ಸ) ಅದನ್ನು ತಿದ್ದಿದರು: ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರದೇ ಹುಟ್ಟಿಗಾಗಲಿ ಸಾವಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ತಿಳಿಸಿದರು. ತಮ್ಮ ಮಗನ ಹೆಸರಿನಲ್ಲೇ ಒಂದು ಸುಳ್ಳು ಹಬ್ಬದಂತೆ ತಡೆದವರ ಹೆಸರಿನಲ್ಲಿ ನಾವು ಸುಳ್ಳು ಹಬ್ಬಿಸಬಹುದೇ? 200 ಕೋಟಿ ವರ್ಷ ನಡೆದು ಬಂದ ಬೆಳಕು ನಮ್ಮ ಪಂಚಾಂಗ ನೋಡಿ ಹೊರಟದ್ದಲ್ಲ.

ಹಾಗೆಯೇ ಸೂರಃ ಅತ್ತಾರಿಕ್‌ನಲ್ಲಿ ರಾತ್ರಿ ಬಾಗಿಲು ಬಡಿಯುವಂತೆ ಬರುವ ನಕ್ಷತ್ರದ ಉಲ್ಲೇಖವಿದೆ, ಇದೇ ಆ ಸ್ಫೋಟ ಎಂದೂ ಯಾರಾದರೂ ಹೇಳಬಹುದು. ಹಾಗೆ ಹೇಳಲು ನಮ್ಮ ಕೈಯಲ್ಲಿ ಯಾವ ಆಧಾರವಿದೆ? ಅಬ್ದುರ್ರಹ್ಮಾನ್ ಅಸ್ಸೂಫಿ 964ರಲ್ಲಿ ಬರೆದ ನಕ್ಷತ್ರಗಳ ಗ್ರಂಥದಲ್ಲಿ ಈಗ ನಾವು ಆಂಡ್ರೊಮೀಡಾ ಗ್ಯಾಲಕ್ಸಿ ಎನ್ನುವುದನ್ನು ಪುಟ್ಟ ಮೋಡವೆಂದು ದಾಖಲಿಸಿದರು. ಕಂಡದ್ದು ಮೋಡದಂತಿತ್ತು, ಅಷ್ಟನ್ನೇ ಬರೆದರು. ಅದು ಬೇರೆಯೇ ಒಂದು ಗ್ಯಾಲಕ್ಸಿ ಎಂದು ಖಚಿತವಾದದ್ದು 1920ರ ದಶಕದಲ್ಲಿ. ಅಸ್ಸೂಫಿಯವರ ಮಾತು ಇಂದಿಗೂ ನಿಂತಿದೆ.

ಪರಿಶೀಲಿಸದ ಸುದ್ದಿ ಏನು ಮಾಡಬಲ್ಲುದೆಂದು ಬೀದರಿನವರಿಗೆ ಹೊರಗಿನಿಂದ ಬಂದು ಯಾರೂ ಹೇಳಬೇಕಾಗಿಲ್ಲ. ಖ್ವಾಜಾ ಮಹಮೂದ್ ಗವಾನ್ ಬಹಮನಿ ರಾಜ್ಯದ ಪ್ರಧಾನಮಂತ್ರಿಯಾಗಿ 1472ರಲ್ಲಿ ಕಟ್ಟಿಸಿದ ಮದ್ರಸದ ಮುಂದೆ ನಾವು ಸಂತೆಗೆ ಹೋಗುವಾಗ ಬರುವಾಗ ಹಾದುಹೋಗುತ್ತೇವೆ. ಅವರ ಮುದ್ರೆಯನ್ನು ವೈರಿಗಳು ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡು, ಶತ್ರುರಾಜನನ್ನು ಕರೆಯುವ ಪತ್ರವೊಂದನ್ನು ಅದರಲ್ಲಿ ಬರೆದು ಸುಲ್ತಾನ್ ಮುಹಮ್ಮದ್ ಷಾಗೆ ತೋರಿಸಿದರು. ಸುಲ್ತಾನನು ವಿಚಾರಣೆಯನ್ನೇ ನಡೆಸಲಿಲ್ಲ. 1481ರಲ್ಲಿ ಆ ವೃದ್ಧ ವಿದ್ವಾಂಸರ ತಲೆ ಉರುಳಿತು. ಸತ್ಯ ತಿಳಿದಾಗ ಸುಲ್ತಾನನ ಬಳಿ ಪಶ್ಚಾತ್ತಾಪವಲ್ಲದೆ ಏನೂ ಉಳಿದಿರಲಿಲ್ಲ. ಮರುವರ್ಷವೇ ಅವನೂ ತೀರಿಕೊಂಡ. ಮುದ್ರೆ ಅಸಲಿಯಾಗಿತ್ತು, ಪತ್ರ ನಕಲಿಯಾಗಿತ್ತು. ನನ್ನ ಕೈಗೆ ಬಂದ ಸಂದೇಶದಲ್ಲೂ ದೊಡ್ಡ ಹೆಸರುಗಳ ಮುದ್ರೆ ಇತ್ತು.

ಕೇಳಿದ್ದನ್ನೆಲ್ಲ ಹೇಳುತ್ತಾ ತಿರುಗುವುದೇ ಒಬ್ಬನನ್ನು ಸುಳ್ಳುಗಾರನನ್ನಾಗಿಸಲು ಸಾಕೆಂದು ಪ್ರವಾದಿಯವರು(ಸ) ಎಚ್ಚರಿಸಿರುವುದನ್ನು ಇಮಾಮ್ ಮುಸ್ಲಿಮ್ ವರದಿ ಮಾಡಿದ್ದಾರೆ. ಸುಳ್ಳನ್ನು ತಾನೇ ಕಟ್ಟಿದವನ ಬಗ್ಗೆ ಮಾತ್ರ ಈ ಎಚ್ಚರಿಕೆ ಇದ್ದಿದ್ದರೆ ನಾನು ಪಾರಾಗುತ್ತಿದ್ದೆ. ಸದುದ್ದೇಶ ಇತ್ತಲ್ಲ ಎಂದು ನನ್ನನ್ನು ಸಮಾಧಾನಪಡಿಸಿದವರು ಹಲವರು. ಉದ್ದೇಶವನ್ನು ಅಲ್ಲಾಹನು ಬಲ್ಲನು; ಆದರೆ ಅರ್ಧ ನಿಮಿಷದ ವಿಚಾರಣೆ ನನ್ನ ಮೇಲಿದ್ದ ಕರ್ತವ್ಯವಾಗಿತ್ತು.

ಮುಂದಿನ ಜುಮುಆದಂದು ಇಮಾಮರ ಅನುಮತಿ ಪಡೆದು ಅದೇ ಮೈಕಿನಲ್ಲಿ ನಿಂತು, ಅಂದು ನಾನು ಹೇಳಿದ್ದು ಸುಳ್ಳಾಗಿತ್ತು ಎಂದು ಹೇಳಿದೆ. ಮೊದಲ ಸಾಲಿನಲ್ಲಿ ಆ ಸಹೋದರ ಕುಳಿತಿದ್ದ. ನಮಾಝ್ ಆದ ಮೇಲೆ ಬಂದು ಸಲಾಮ್ ಹೇಳಿ ಹೋದ. ಅಂದಿನಿಂದ ನಮ್ಮಲ್ಲಿ ಯಾವುದೇ ಪ್ರಕಟಣೆಗೆ ಮುಂಚೆ, ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತು ಎಂದು ಎರಡು ಮಾತು ಕೇಳುವ ಪದ್ಧತಿಯಾಯಿತು. ಕೆಲವರಿಗೆ ಸಿಟ್ಟು ಬರುತ್ತದೆ. ಕಳೆದ ತಿಂಗಳು ಹತ್ತನೆಯ ತರಗತಿಯ ಹುಡುಗನೊಬ್ಬ ಮೊಬೈಲ್ ಹಿಡಿದು ಬಂದ. ನಾನು ಬಾಯಿ ತೆರೆಯುವ ಮುಂಚೆಯೇ, "ಕೇಳೀನ್ರಿ ಸರ್, ಸುಳ್ಳದ, ತೋರ್ಸಾಕಷ್ಟೇ ತಂದೀನಿ" ಎಂದ.