ಬಿಟ್ಟ ವಿದ್ಯಾರ್ಥಿವೇತನ, ತೆತ್ತ ಶುಲ್ಕ

ಕೈಗೆ ಬಂದುದನ್ನು ಬಿಟ್ಟು ಅನಿಶ್ಚಿತವಾದುದರ ಹಿಂದೆ ಹೋಗುವವನನ್ನು ಲೋಕವು ಮೊದಲು ಅವಿವೇಕಿ ಎನ್ನುತ್ತದೆ. ಅವನು ಗೆದ್ದು ಬಂದರೆ ಧೀರನೆನ್ನುತ್ತದೆ. ಎರಡೂ ಮಾತುಗಳು ಫಲವನ್ನು ನೋಡಿ ಆಡಿದವು. ಆಯ್ಕೆ ಮಾಡಿದ ದಿನದಂದು ಅದು ಯುಕ್ತವಾಗಿತ್ತೇ ಎಂಬುದು ಬೇರೆಯೇ ಪ್ರಶ್ನೆ. ಅಮೆರಿಕ ದೇಶದ ಕಾಲೇಜು ಫುಟ್‌ಬಾಲಿನಲ್ಲಿ ಈ ಪ್ರಶ್ನೆ ಪ್ರತಿವರ್ಷವೂ ಅನೇಕ ಮನೆಗಳ ಬಾಗಿಲಿಗೆ ಬಂದು ನಿಲ್ಲುತ್ತದೆ.

ಅಲ್ಲಿಯ ಫುಟ್‌ಬಾಲು ನಮ್ಮಲ್ಲಿ ಕಾಲಿನಿಂದ ಆಡುವ ಆಟವಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳ ಸಾಲನ್ನು ಭೇದಿಸಿ ಮುಂದೊಯ್ಯುವ ಆಟ. ಅದರ ಮೇಲೆ ಆ ಜನರಿಗಿರುವ ಪ್ರೀತಿ ಎಂತಹುದೆಂದರೆ, ನೆಬ್ರಾಸ್ಕ ವಿಶ್ವವಿದ್ಯಾನಿಲಯದ ಕ್ರೀಡಾಂಗಣವು 1962ರಿಂದ ಪಂದ್ಯ ಪಂದ್ಯಕ್ಕೂ ಟಿಕೆಟುಗಳೆಲ್ಲ ಮಾರಾಟವಾಗಿ ಬಂದಿರುವ ಖ್ಯಾತಿಯುಳ್ಳದ್ದು. ಉತ್ತಮ ಆಟಗಾರನಿಗೆ ವಿಶ್ವವಿದ್ಯಾನಿಲಯವೇ ಬೋಧನಾ ಶುಲ್ಕ, ವಸತಿ, ಊಟ, ಪುಸ್ತಕಗಳ ವೆಚ್ಚವನ್ನೆಲ್ಲ ಭರಿಸುತ್ತದೆ. ಪದವಿ ಪಡೆಯಲು ವರ್ಷಗಟ್ಟಲೆ ತೀರದ ಸಾಲ ಮಾಡುವ ಆ ದೇಶದಲ್ಲಿ ಇದು ಸಣ್ಣ ಉಪಕಾರವಲ್ಲ. ಆದರೆ ಇಂತಹ ವಿದ್ಯಾರ್ಥಿವೇತನಕ್ಕೆ ಮಿತಿಯಿತ್ತು. ಅಗ್ರಶ್ರೇಣಿಯ ತಂಡವೊಂದಕ್ಕೆ 1973ರಲ್ಲಿ 105 ಎಂದು ಗೊತ್ತುಪಡಿಸಿದ್ದನ್ನು ಅನಂತರ ಹಂತಹಂತವಾಗಿ 85ಕ್ಕೆ ಇಳಿಸಲಾಯಿತು.

ಇಕ್ಕಟ್ಟು ಹುಟ್ಟುವುದು ಇಲ್ಲಿಯೇ. ಚಿಕ್ಕ ವಿಶ್ವವಿದ್ಯಾನಿಲಯವೊಂದು ಹುಡುಗನನ್ನು ಕರೆದು ಪೂರ್ಣ ವೇತನ ಕೊಡುತ್ತದೆ. ಬಾಲ್ಯದಿಂದ ಅವನು ಕನಸು ಕಂಡ ದೊಡ್ಡ ತಂಡವಾದರೋ, ‘ಬರುವುದಾದರೆ ಬಾ, ಸ್ಥಾನವುಂಟು, ಹಣವಿಲ್ಲ’ ಎನ್ನುತ್ತದೆ. ಹೀಗೆ ಸ್ವಂತ ಖರ್ಚಿನಲ್ಲಿ ಸೇರುವವನಿಗೆ ಅಲ್ಲಿ ‘ವಾಕ್ ಆನ್’ ಎಂದು ಹೆಸರು. ತಾನೇ ನಡೆದು ಬಂದವನು ಎಂದರ್ಥ. ವಾರವಿಡೀ ಅವನ ಕೆಲಸವೆಂದರೆ ಮುಂದಿನ ಎದುರಾಳಿಯ ವರಸೆಗಳನ್ನು ಕಲಿತು, ತನ್ನದೇ ತಂಡದ ಮುಖ್ಯ ಆಟಗಾರರ ಅಭ್ಯಾಸಕ್ಕೆ ಎದುರಾಗಿ ನಿಲ್ಲುವುದು. ಪೆಟ್ಟು ಎಲ್ಲರಿಗೂ ಸಮ, ಬೆಳಗಿನ ವ್ಯಾಯಾಮವೂ ಸಮ. ಶನಿವಾರದ ಪಂದ್ಯದಲ್ಲಿ ಮಾತ್ರ ಬಹುಮಟ್ಟಿಗೆ ಅಂಗಳದ ಅಂಚಿನಲ್ಲಿ ನಿಂತು ನೋಡಬೇಕು. 1973ರಿಂದ 1997ರವರೆಗೆ ನೆಬ್ರಾಸ್ಕದ ಮುಖ್ಯ ತರಬೇತುದಾರರಾಗಿದ್ದ ಟಾಮ್ ಓಸ್ಬೋರ್ನ್ ಅವರು ತಮ್ಮ ರಾಜ್ಯದ ಸಣ್ಣ ಊರುಗಳ ಇಂತಹ ಹುಡುಗರನ್ನು ದೊಡ್ಡ ಸಂಖ್ಯೆಯಲ್ಲಿ ಸೇರಿಸಿಕೊಂಡು ತಂಡ ಕಟ್ಟಿದರು. ಅಂತಹ ತಂಡಗಳೇ 1994, 1995 ಮತ್ತು 1997ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗಳಿಸಿದವು.

ಈ ಆಯ್ಕೆಯನ್ನು ಸಮರ್ಥಿಸುವವರು ಮೊದಲು ಹೇಳುವ ಹೆಸರು ಜೆ. ಜೆ. ವಾಟ್. ಅವನು ಸೆಂಟ್ರಲ್ ಮಿಷಿಗನ್ ವಿಶ್ವವಿದ್ಯಾನಿಲಯದ ವೇತನ ಪಡೆದು 2007ರಲ್ಲಿ ಒಂದು ಋತು ಆಡಿ, ಅದನ್ನು ಬಿಟ್ಟು, ತನ್ನ ಸ್ವಂತ ರಾಜ್ಯವಾದ ವಿಸ್ಕಾನ್ಸಿನ್ನಿನ ತಂಡಕ್ಕೆ ಹಣವಿಲ್ಲದೆ ಸೇರಿದನು. 2011ರಲ್ಲಿ ವೃತ್ತಿಪರ ತಂಡವು ಅವನನ್ನು ಆ ವರ್ಷದ ಹನ್ನೊಂದನೆಯ ಆಯ್ಕೆಯಾಗಿ ತೆಗೆದುಕೊಂಡಿತು. 2012, 2014 ಮತ್ತು 2015ರಲ್ಲಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರನೆನಿಸಿದನು. ಕಥೆ ರಮ್ಯವಾಗಿದೆ. ಆದರೆ ಗೆದ್ದವನ ಕಥೆಯನ್ನು ಹಿಂದಿನಿಂದ ಓದಿದರೆ ಪ್ರತಿಯೊಂದು ಹೆಜ್ಜೆಯೂ ವಿವೇಕವಾಗಿಯೇ ಕಾಣುತ್ತದೆ. ನಾಲ್ಕು ವರ್ಷ ಪೆಟ್ಟು ತಿಂದು, ಒಂದು ಪಂದ್ಯವನ್ನೂ ಆಡದೆ, ಸಾಲದೊಂದಿಗೆ ಮನೆಗೆ ಮರಳಿದವನ ಹೆಸರನ್ನು ಯಾರೂ ಬರೆದಿಡುವುದಿಲ್ಲ. ಒಂದೇ ಅಂಗಡಿಯ ಲಾಭವನ್ನು ನೋಡಿ ಪೇಟೆಯ ಸ್ಥಿತಿಯನ್ನು ನಿರ್ಣಯಿಸುವ ವರ್ತಕನುಂಟೇ?

ಇದಕ್ಕಿಂತಲೂ ಗಂಭೀರವಾದ ವಿಷಯ ಇನ್ನೊಂದಿದೆ. ವಿದ್ಯಾರ್ಥಿವೇತನವನ್ನು ಬಿಟ್ಟವನನ್ನು ತ್ಯಾಗಿ ಎನ್ನುವುದುಂಟು. ತ್ಯಾಗವೆಂದರೆ ತನ್ನದನ್ನು ಬಿಡುವುದು. ಇಲ್ಲಿ ಬಿಟ್ಟವನು ಮಗ, ತೆರಬೇಕಾದವರು ತಂದೆತಾಯಿ. ಬಾರದೆ ಹೋದ ವೇತನದಷ್ಟು ಮೊತ್ತವು ಮನೆಯ ಲೆಕ್ಕದ ಖರ್ಚಿನ ಕಡೆಗೆ ಬಂದು ಕೂರುತ್ತದೆ. ತಂಗಿಯ ಓದಿಗೆಂದು ಇಟ್ಟುದೂ ಅದರಲ್ಲಿ ಸೇರಿರಬಹುದು. ಆದುದರಿಂದ ಧೈರ್ಯದ ಪ್ರಶ್ನೆಗಿಂತ ಮೊದಲು ಸಮ್ಮತಿಯ ಪ್ರಶ್ನೆ ಬರುತ್ತದೆ. ಮಗನ ಕನಸನ್ನು ಮುರಿದವರೆಂಬ ಅಪವಾದಕ್ಕೆ ಅಂಜಿ ತಾಯಿ ‘ಆಗಲಿ’ ಎಂದರೆ ಅದು ಸಮ್ಮತಿಯಲ್ಲ. ವರ್ಷಕ್ಕೆ ಎಷ್ಟು, ಎಷ್ಟು ವರ್ಷ, ಎರಡನೆಯ ವರ್ಷದ ಕೊನೆಗೂ ವೇತನ ದೊರೆಯದಿದ್ದರೆ ಮುಂದೇನು ಎಂಬುದನ್ನೆಲ್ಲ ಅಂಕಿಗಳಲ್ಲಿ ಮುಂದಿಟ್ಟು ಕೇಳಿದಾಗ ದೊರೆತ ಒಪ್ಪಿಗೆಯೇ ಒಪ್ಪಿಗೆ. ವಾಟ್‌ನ ಕಥೆಯಲ್ಲಿ ಪ್ರಶಸ್ತಿಗಳಿಗಿಂತ ಮಿಗಿಲಾದ ಸಂಗತಿಯೊಂದಿದೆ: ಎರಡು ತಂಡಗಳ ನಡುವಿನ ಆ ತಿಂಗಳುಗಳಲ್ಲಿ ಅವನು ತನ್ನ ಊರಿನಲ್ಲಿ ಮನೆಮನೆಗೆ ಪಿಜ್ಜಾ ತಲುಪಿಸುವ ಕೆಲಸ ಮಾಡುತ್ತಿದ್ದನು. ಆಯ್ಕೆಯ ಬೆಲೆಯಲ್ಲಿ ಒಂದು ಪಾಲನ್ನಾದರೂ ತನ್ನ ಮೈಯ ಶ್ರಮದಿಂದ ತೆತ್ತವನು ಅವನು.

ಹಾಗಾದರೆ ವೇತನವನ್ನು ಒಪ್ಪಿಕೊಳ್ಳುವುದೇ ನಿರ್ದೋಷ ಮಾರ್ಗವೇ? ಅದೂ ಅಲ್ಲ. 85ರಲ್ಲಿ ಒಂದು ಸ್ಥಾನವನ್ನು ಮನಸ್ಸಿಲ್ಲದೆ ಹಿಡಿದು, ಮೊದಲ ಅವಕಾಶದಲ್ಲಿಯೇ ಬಿಟ್ಟುಹೋಗುವ ಯೋಚನೆ ಇಟ್ಟುಕೊಂಡವನು, ಅದನ್ನೇ ನಂಬಿದ್ದ ಬಡ ಹುಡುಗನೊಬ್ಬನ ದಾರಿಗೆ ಅಡ್ಡನಿಂತಂತೆ. ಕೊಡುವವರೂ ಪೂರ್ಣ ನಿಷ್ಠರಾಗಿರಲಿಲ್ಲ. 1973ರಿಂದ 2012ರವರೆಗೆ ಈ ವೇತನವನ್ನು ಒಮ್ಮೆಗೆ ಒಂದೇ ವರ್ಷಕ್ಕೆ ಕೊಡಬಹುದಾಗಿತ್ತು, ಪ್ರತಿವರ್ಷ ನವೀಕರಿಸಬೇಕಿತ್ತು. ನಿಶ್ಚಿತವೆಂದು ಹೇಳುವ ವಸ್ತುವು ಅಷ್ಟೇನೂ ನಿಶ್ಚಿತವಾಗಿರಲಿಲ್ಲ.

ಹಣ ಕೊಡದವನಿಗೆ ಕಟ್ಟಿಹಾಕುವ ಅಧಿಕಾರವುಂಟೇ ಎಂಬ ಪ್ರಶ್ನೆಯೂ ಒಮ್ಮೆ ಎದ್ದಿತು. ಬೇಕರ್ ಮೇಫೀಲ್ಡ್ ಎಂಬ ಆಟಗಾರನು 2013ರಲ್ಲಿ ಟೆಕ್ಸಾಸ್ ಟೆಕ್ ತಂಡಕ್ಕೆ ಹೀಗೆಯೇ ನಡೆದು ಸೇರಿ, ಅನಂತರ ಅದೇ ಒಕ್ಕೂಟದ ಒಕ್ಲಹಾಮ ತಂಡಕ್ಕೂ ಹೀಗೆಯೇ ಹೋದನು. ಒಕ್ಕೂಟದೊಳಗೆ ತಂಡ ಬದಲಿಸಿದವನು ಆಡುವ ಅವಧಿಯಲ್ಲಿ ಒಂದು ವರ್ಷ ಕಳೆದುಕೊಳ್ಳಬೇಕೆಂಬುದು ಆಗಿನ ನಿಯಮವಾಗಿತ್ತು. ಲಿಖಿತವಾಗಿ ವೇತನದ ಭರವಸೆ ಪಡೆಯದವನಿಗೆ ಇದು ಅನ್ವಯಿಸದೆಂದು 2016ರಲ್ಲಿ ತಿದ್ದುಪಡಿಯಾಯಿತು. ಅವನಿಗೆ ಆ ವರ್ಷ ಮರಳಿ ಬಂದಿತು. 2017ರಲ್ಲಿ ಕಾಲೇಜು ಫುಟ್‌ಬಾಲಿನ ಅತ್ಯುಚ್ಚ ಗೌರವವಾದ ಹೈಸ್ಮನ್ ಪ್ರಶಸ್ತಿಯೂ ದೊರೆಯಿತು.

ಇಂದು ವ್ಯವಸ್ಥೆಯೇ ಬದಲಾಗಿದೆ. 2025ರ ಜೂನ್ 6ರಂದು ನ್ಯಾಯಾಲಯವು ಮಂಜೂರು ಮಾಡಿದ ಒಪ್ಪಂದದಂತೆ, ಅದಕ್ಕೆ ಒಳಪಟ್ಟ ವಿಶ್ವವಿದ್ಯಾನಿಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. 85ರ ಮಿತಿ ಹೋಯಿತು. ಅದರ ಬದಲಿಗೆ ಇಡೀ ತಂಡವೇ 105 ಮಂದಿಯನ್ನು ಮೀರಬಾರದೆಂದಾಯಿತು. ಸಂಖ್ಯೆ ಕಡಿಮೆಮಾಡಲು ಹೊರಟ ತಂಡಗಳು ಮೊದಲು ಕೈಬಿಟ್ಟವರಲ್ಲಿ ನಡೆದು ಬಂದವರೇ ಹೆಚ್ಚು. ಹೀಗೆ ಸ್ಥಾನ ಕಳೆದುಕೊಂಡವರಿಗೆ ವಿನಾಯಿತಿ ಕೊಡುವವರೆಗೆ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅವರು ಒಪ್ಪಂದಕ್ಕೆ ಅಂಕಿತ ಹಾಕಲಿಲ್ಲ. ಆದರೆ ಅವರನ್ನು ಮರಳಿ ಸೇರಿಸಿಕೊಳ್ಳಲೇಬೇಕೆಂಬ ಕಟ್ಟಳೆ ಆ ವಿನಾಯಿತಿಯಲ್ಲಿ ಇರಲಿಲ್ಲ. ಈಗ ಬೇರೆಡೆಯ ವೇತನವನ್ನು ಬಿಟ್ಟು ಹೊರಡುವ ಹುಡುಗನು, ಆ 105ರಲ್ಲಿ ತನಗೆ ಎಷ್ಟು ಕಾಲ ಸ್ಥಾನವುಂಟೆಂಬುದನ್ನು ತರಬೇತುದಾರನಿಂದ ಬರವಣಿಗೆಯಲ್ಲಿಯೇ ಕೇಳಿ, ಆ ಕಾಗದವನ್ನು ತಂದೆತಾಯಿಯರ ಮುಂದಿಡುವುದು ಒಳಿತು.