ಆಯುಷ್ಯ ಗಟ್ಟಿ

ಜ್ಯೇಷ್ಠದ ಹುಣ್ಣಿಮೆಯಂದು ಮುಂಬಯಿಯ ವಿಕ್ರೋಳಿಯಲ್ಲಿ ಆಲದ ಮರಕ್ಕೆ ನೂಲು ಸುತ್ತುವ ಸ್ತ್ರೀಯರ ನಡುವೆ, ಕೆಲವೇ ದಿನಗಳ ಹಿಂದೆ ಸ್ಲೋ ಲೋಕಲ್ ಹಿಡಿದು ಪರೇಲಿನ ಟಾಟಾ ಆಸ್ಪತ್ರೆಗೆ ಹೋಗಿ ತಲೆಯ ಎಂ.ಆರ್.ಐ. ಮಾಡಿಸಿಕೊಂಡು ಬಂದವಳೊಬ್ಬಳು ಇದ್ದರೆ, ಆಕೆಯೂ ಬೇಡಬೇಕಾದುದು ಪತಿಯ ಆಯುಷ್ಯವನ್ನೇ ಹೊರತು ತನ್ನದನ್ನಲ್ಲ. ವಟಸಾವಿತ್ರಿ ವ್ರತದ ವಿಧಿಯೇ ಹಾಗೆ. ಸ್ತನದ ಅರ್ಬುದವು ಮಿದುಳಿಗೆ ಹಬ್ಬಿದ ಮೇಲೂ ವರ್ಷಗಳನ್ನು ದಾಟಿಬಂದ ಇಂಥವಳನ್ನು ಕಂಡರೆ ನಮ್ಮವರು "ಆಯುಷ್ಯ ಗಟ್ಟಿ" ಎನ್ನುತ್ತಾರೆ, ಮರುಕ್ಷಣವೇ "ಪೂರ್ವಜನ್ಮದ ಪುಣ್ಯ" ಎಂದು ಸೇರಿಸುತ್ತಾರೆ. ಮೊದಲ ಮಾತಿಗೆ ನನ್ನ ತಕರಾರಿಲ್ಲ. ಆದರೆ ಉಳಿದವಳದು ಪುಣ್ಯವಾದರೆ, ಅದೇ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕುಳಿತಿದ್ದು ಈಗ ಬಾರದೆ ಹೋದವಳದು ಏನಾಯಿತು?

ಜಾತಿ, ಆಯುಸ್ಸು, ಭೋಗ ಮೂರೂ ಕರ್ಮದ ವಿಪಾಕವೆಂದು ಪತಂಜಲಿಯು ಹೇಳಿದುದು ದಿಟ. ಆದರೆ ಆ ಲೆಕ್ಕದ ಪುಸ್ತಕವನ್ನು ನೆರೆಮನೆಯವರು ತೆರೆದು ಓದಬಲ್ಲರೆಂದು ಅವನು ಹೇಳಲಿಲ್ಲ, ಗೀತೆಯಂತೂ ಕರ್ಮದ ನಡೆಯೇ ದುರ್ಜ್ಞೇಯವೆಂದು ಒಪ್ಪಿಕೊಳ್ಳುತ್ತದೆ. ನಮಗೆ ಓದಲು ದೊರೆತಿರುವ ಲೆಕ್ಕ ಬೇರೆ. ಗಡ್ಡೆಯ ಕೋಶಗಳ ಮೇಲೆ ಹರ್-2 ಎಂಬ ಪ್ರೋಟೀನು ಹೇರಳವಾಗಿರುವುದು ಒಂದು ಕಾಲಕ್ಕೆ ಅಶುಭಸೂಚನೆಯಾಗಿತ್ತು. 1998ರಲ್ಲಿ ಅಮೆರಿಕದಲ್ಲಿ ಟ್ರಾಸ್ಟುಜುಮ್ಯಾಬ್ ಔಷಧಕ್ಕೆ ಅನುಮತಿ ದೊರೆತ ಮೇಲೆ ಅದೇ ಪ್ರೋಟೀನು ಚಿಕಿತ್ಸೆಯ ಗುರಿಯಾಯಿತು. ಆ ದೊಡ್ಡ ಅಣುವು ರಕ್ತಕ್ಕೂ ಮಿದುಳಿಗೂ ನಡುವಿನ ತಡೆಯನ್ನು ಸುಲಭವಾಗಿ ದಾಟದೆ ಹೊರಗುಳಿದುದರಿಂದ, ಒಳಗಿನ ಗಡ್ಡೆಗೆ ಗುರಿಯಿಟ್ಟ ವಿಕಿರಣವೂ, 2020ರಲ್ಲಿ ಬಂದ ಟುಕಾಟಿನಿಬ್‌ನಂಥ ಸಣ್ಣ ಅಣುವಿನ ಗುಳಿಗೆಯೂ ಬೇಕಾದುವು. ಗಡ್ಡೆಯ ಬಗೆ, ಎಷ್ಟು ಕಡೆ ಹಬ್ಬಿದೆ ಎಂಬುದು, ಔಷಧದ ಬೆಲೆ (ಇದನ್ನು ಹೇಳಲು ನಾಚಿಕೆಯಾಗುತ್ತದೆ): ಇವುಗಳಲ್ಲಿ ಯಾವುದು ಶೀಲವನ್ನು ಕೇಳಿ ಬರುತ್ತದೆ?

ವ್ರತದ ಕಥೆಯಲ್ಲಿ ಸಾವಿತ್ರಿಯು ವರಿಸಿದ ಸತ್ಯವಂತನಿಗೆ ಆಯುಷ್ಯ ಒಂದೇ ವರ್ಷವೆಂದು ನಾರದನು ನುಡಿದಾಗ ಅದು ದಿನ ತಪ್ಪದ ಮಾತಾಗಿತ್ತು. ವೈದ್ಯರು ಹೇಳುವ ತಿಂಗಳುಗಳು ಅಂಥವಲ್ಲ. ರೋಗಿಗಳನ್ನು ಬದುಕಿದ ಕಾಲದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವಳ ಅವಧಿ ಅದು, ಅವಳ ಆಚೆಗೂ ಅರ್ಧ ಸಾಲು ಇದ್ದೇ ಇದೆ. 1982ರಲ್ಲಿ ಬೇರೊಂದು ಅರ್ಬುದಕ್ಕೆ ತುತ್ತಾಗಿ, ಎಂಟು ತಿಂಗಳೆಂಬ ಆ ನಡುವಿನ ಅಂಕವನ್ನು ಓದಿದ ಅಮೆರಿಕದ ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಇದನ್ನೇ ವಾದಿಸಿ, ಮತ್ತೆ 20 ವರ್ಷ ಬಾಳಿದನು.

ಸಾವಿತ್ರಿಯ ಪತಿಗೆ ಯಮನು ಕೊಟ್ಟದ್ದು ನಾನೂರು ವರ್ಷ. ನೂಲು ಸುತ್ತಿ ಮುಗಿಸಿ, ಅರಿಸಿನ ಕುಂಕುಮ ಹಚ್ಚಿಸಿಕೊಂಡು ಮನೆಗೆ ಮರಳುವ ನಮ್ಮ ಹೆಂಗಸಿಗೆ ಮುಂದಿನ ಸ್ಕ್ಯಾನಿನವರೆಗೆ ಮೂರು ತಿಂಗಳಿದೆ. ಅಷ್ಟರಲ್ಲಿ ಶ್ರಾವಣವೂ ಚೌತಿಯೂ ಬಂದುಹೋಗುತ್ತವೆ.