ದೇವರು ಕೊಟ್ಟ ವರವನ್ನು ಕೆಳಗಿಡಬಹುದೇ?



ದೇವರು ಕೊಟ್ಟ ಪ್ರತಿಭೆಯನ್ನು ಬಳಸದೆ ಬಿಡುವುದು ತಪ್ಪೇ? ಯುವಜನರ ಕೂಟದಲ್ಲಿ ಈ ಪ್ರಶ್ನೆ ಕೇಳಿದರೆ ಉತ್ತರ ಬರಲು ತಡವಾಗುವುದಿಲ್ಲ. ತಲಾಂತುಗಳ ಸಾಮತಿಯನ್ನು ನಾವೆಲ್ಲ ಧರ್ಮೋಪದೇಶ ತರಗತಿಯಿಂದಲೇ ಕೇಳುತ್ತಾ ಬಂದಿದ್ದೇವೆ. ಯಜಮಾನ ಕೊಟ್ಟ ಹಣವನ್ನು ದುಡಿಸಿ ಇಮ್ಮಡಿ ಮಾಡಿದ ಇಬ್ಬರು ಸೇವಕರು ಮೆಚ್ಚುಗೆ ಪಡೆದರು. ಹೆದರಿ ಮಣ್ಣಿನಲ್ಲಿ ಹೂತಿಟ್ಟವನು ಛೀಮಾರಿ ಹಾಕಿಸಿಕೊಂಡ. ಆದ್ದರಿಂದ ಪ್ರತಿಭೆ ಇದ್ದವರು ಅದನ್ನು ಬೆಳೆಸಲೇಬೇಕು, ಕೈಲಾಗುವವರೆಗೂ ಬಳಸಲೇಬೇಕು ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಈ ತೀರ್ಮಾನವನ್ನು ಮತ್ತೊಮ್ಮೆ ಯೋಚಿಸುವಂತೆ ಮಾಡುವ ಒಂದು ಬದುಕು ನಮ್ಮ ಕಾಲದಲ್ಲೇ ಇದೆ. ಅದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಮಾಯಾ ಮೂರ್ ಅವರದು.

ಅಮೆರಿಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಎಂದರೆ ಸಣ್ಣ ಮಾತಲ್ಲ. ಸಾವಿರಾರು ಜನ ಕ್ರೀಡಾಂಗಣ ತುಂಬುತ್ತಾರೆ, ದೇಶವೇ ಟಿವಿಯ ಮುಂದೆ ಕೂರುತ್ತದೆ. ವೃತ್ತಿಪರ ತಂಡಗಳು ಪ್ರತಿ ವರ್ಷ ಕಾಲೇಜು ಆಟಗಾರರಲ್ಲಿ ಉತ್ತಮರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. 1989ರಲ್ಲಿ ಮಿಸ್ಸೌರಿ ರಾಜ್ಯದ ಜೆಫರ್ಸನ್ ಸಿಟಿಯಲ್ಲಿ ಹುಟ್ಟಿದ ಮಾಯಾ, 2007ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಅವರಿದ್ದ ನಾಲ್ಕು ವರ್ಷಗಳಲ್ಲಿ ತಂಡ 150 ಪಂದ್ಯಗಳನ್ನು ಗೆದ್ದು ಕೇವಲ 4ರಲ್ಲಿ ಸೋತಿತು. ನಡುವೆ ಸತತ 90 ಗೆಲುವುಗಳ ಒಂದು ಓಟವೂ ಇತ್ತು. 2009 ಮತ್ತು 2010ರಲ್ಲಿ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಬಂತು. ಮಾಯಾ ಒಬ್ಬರೇ 3,036 ಅಂಕ ಗಳಿಸಿದರು. ಓದಿನಲ್ಲಿಯೂ ಅವರು ಮುಂದಿದ್ದರು.

2011ರಲ್ಲಿ ಮಿನೆಸೊಟ ಲಿಂಕ್ಸ್ ತಂಡ ಅವರನ್ನು ಎಲ್ಲರಿಗಿಂತ ಮೊದಲು ಆರಿಸಿಕೊಂಡಿತು. ಮೊದಲ ವರ್ಷವೇ ತಂಡ ಡಬ್ಲ್ಯೂಎನ್‌ಬಿಎ ಪ್ರಶಸ್ತಿ ಗೆದ್ದಿತು. 2013, 2015, 2017ರಲ್ಲಿ ಮತ್ತೆ ಗೆದ್ದಿತು. 2014ರಲ್ಲಿ ಮಾಯಾ ಇಡೀ ಲೀಗಿನ ಶ್ರೇಷ್ಠ ಆಟಗಾರ್ತಿ ಎನಿಸಿದರು. 2012 ಮತ್ತು 2016ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಪಡೆದ ಅಮೆರಿಕ ತಂಡದಲ್ಲಿ ಅವರಿದ್ದರು. ಲೀಗಿಗೆ ಬಿಡುವಿದ್ದ ತಿಂಗಳುಗಳಲ್ಲಿ ಸ್ಪೇನ್, ಚೀನಾ, ರಷ್ಯಾದ ತಂಡಗಳಿಗೂ ಆಡಿದರು. ಒಬ್ಬ ಆಟಗಾರ್ತಿ ಬಯಸಬಹುದಾದದ್ದೆಲ್ಲ ಅವರ ಕೈಯಲ್ಲಿತ್ತು.

2019ರ ಫೆಬ್ರುವರಿಯಲ್ಲಿ, ಇನ್ನೂ 29ರ ವಯಸ್ಸಿನಲ್ಲಿ, ಆ ವರ್ಷ ತಾನು ಆಡುವುದಿಲ್ಲ ಎಂದು ಅವರು ಪ್ರಕಟಿಸಿದರು. ಮೈಗೆ ಗಾಯವಾಗಿರಲಿಲ್ಲ, ಆಟದ ಕಸುವು ಕುಂದಿರಲಿಲ್ಲ. ಕುಟುಂಬಕ್ಕೂ ಸೇವೆಗೂ ಸಮಯ ಕೊಡಬೇಕೆಂಬುದು ಅವರ ಇಚ್ಛೆಯಾಗಿತ್ತು. ಆ ಸಮಯದ ದೊಡ್ಡ ಪಾಲು ಜೊನಾಥನ್ ಐರನ್ಸ್ ಎಂಬ ಕೈದಿಗಾಗಿ ಹೋಯಿತು.

ಐರನ್ಸ್ ಒಬ್ಬ ಕಪ್ಪುಜನಾಂಗದ ಯುವಕ. 1997ರಲ್ಲಿ ಮಿಸ್ಸೌರಿಯ ಒಂದು ಮನೆಗೆ ಕಳ್ಳ ನುಗ್ಗಿ ಮನೆಯೊಡೆಯನಿಗೆ ಗುಂಡು ಹಾರಿಸಿದ. ಮನೆಯೊಡೆಯ ಬದುಕುಳಿದರು. ಆಗ 16 ವರ್ಷದವನಾಗಿದ್ದ ಐರನ್ಸ್‌ನನ್ನು ವಯಸ್ಕನೆಂದೇ ಪರಿಗಣಿಸಿ ವಿಚಾರಣೆ ನಡೆಸಿದರು. ಜ್ಯೂರಿಯಲ್ಲಿದ್ದವರೆಲ್ಲ ಬಿಳಿಯರು. ಅವನು ಅಲ್ಲಿದ್ದನೆಂದು ತೋರಿಸುವ ಬೆರಳಚ್ಚಾಗಲಿ ಡಿಎನ್‌ಎ ಆಗಲಿ ಇರಲಿಲ್ಲ. ಆದರೂ 50 ವರ್ಷ ಶಿಕ್ಷೆಯಾಯಿತು. ಮಾಯಾರ ಕುಟುಂಬದವರು ಸೆರೆಮನೆ ಸೇವೆಯಲ್ಲಿ ತೊಡಗಿದ್ದವರು. ಅವರ ಮೂಲಕ, ಕಾಲೇಜು ಸೇರುವ ಮೊದಲೇ, ಮಾಯಾ ಐರನ್ಸ್‌ನನ್ನು ಜೈಲಿನಲ್ಲಿ ಭೇಟಿಯಾದರು. ಆ ಪರಿಚಯ ಮುಂದುವರಿಯಿತು. ಆಟ ಬಿಟ್ಟ ಮೇಲೆ ಅವರು ವಕೀಲರ ಖರ್ಚಿಗೆ ನೆರವಾದರು, ವಿಚಾರಣೆಗೆ ಹೋಗಿ ಕುಳಿತರು, ಊರೂರಲ್ಲಿ ಆ ಪ್ರಕರಣದ ಬಗ್ಗೆ ಮಾತನಾಡಿದರು. 2020ರ ಮಾರ್ಚ್‌ನಲ್ಲಿ ನ್ಯಾಯಾಧೀಶರು ಶಿಕ್ಷೆಯನ್ನು ರದ್ದು ಮಾಡಿದರು. ಐರನ್ಸ್‌ನದೂ ಅಲ್ಲದ, ಮನೆಯೊಡೆಯನದೂ ಅಲ್ಲದ ಒಂದು ಬೆರಳಚ್ಚಿನ ವರದಿಯನ್ನು ಆಗಿನ ವಿಚಾರಣೆಯಲ್ಲಿ ಐರನ್ಸ್‌ನ ವಕೀಲರಿಗೆ ಕೊಟ್ಟೇ ಇರಲಿಲ್ಲ. ಜುಲೈ 1ರಂದು ಐರನ್ಸ್ ಹೊರಬಂದಾಗ ವಯಸ್ಸು 40. ಅದೇ ವರ್ಷ ಇಬ್ಬರೂ ಮದುವೆಯಾದರು. ಮಾಯಾ ಮತ್ತೆ ಆಡಲಿಲ್ಲ. 2023ರ ಜನವರಿಯಲ್ಲಿ ನಿವೃತ್ತಿ ಘೋಷಿಸಿದರು.

ಈಗ ನಮ್ಮ ಪ್ರಶ್ನೆಗೆ ಬರೋಣ. ಒಬ್ಬ ಕೈದಿಯ ಪರವಾಗಿ ಓಡಾಡಲು ಬೇರೆ ಜನ ಸಿಗುತ್ತಾರೆ. ಮಾಯಾರಂತೆ ಆಡಲು ಬೇರೆ ಯಾರಿದ್ದರು? ಆಡುತ್ತಲೇ ಇದ್ದು, ಬಂದ ಹಣವನ್ನು ವಕೀಲರಿಗೆ ಕಳಿಸಬಹುದಿತ್ತಲ್ಲ? ಅವರನ್ನು ನಂಬಿದ ತಂಡದ ಗತಿ ಏನು? ಇವು ಸಣ್ಣ ಆಕ್ಷೇಪಗಳಲ್ಲ.

ಇದಕ್ಕೆ ಸುಲಭದ ಉತ್ತರವೊಂದಿದೆ: ‘ನೋಡಿ, ಆಟದಿಂದ ಬಂದ ಹೆಸರೇ ಆ ಕೈದಿಯ ಬಿಡುಗಡೆಗೆ ನೆರವಾಯಿತು. ಪ್ರತಿಭೆ ವ್ಯರ್ಥವಾಗಲಿಲ್ಲ, ಬೇರೆ ಕಡೆ ಫಲ ಕೊಟ್ಟಿತು.’ ಮಾತು ನಿಜವೇ. ಆದರೆ 2019ರ ಫೆಬ್ರುವರಿಯಲ್ಲಿ ಈ ಫಲ ಯಾರಿಗೂ ಗೊತ್ತಿರಲಿಲ್ಲ. ನ್ಯಾಯಾಧೀಶರು ಅರ್ಜಿಯನ್ನು ತಳ್ಳಿಹಾಕಿ, ಐರನ್ಸ್ ಇಂದಿಗೂ ಒಳಗೇ ಇದ್ದಿದ್ದರೆ? ಆಗ ನಾವು ‘ಪಾಪ, ಬಾಳು ಹಾಳು ಮಾಡಿಕೊಂಡಳು’ ಎನ್ನುತ್ತಿದ್ದೆವೇ? ಮಾಡಿದ ಕೆಲಸ ಅದೇ, ಮನಸ್ಸು ಅದೇ. ನ್ಯಾಯಾಧೀಶರ ಒಂದು ಸಹಿಯಿಂದ ಅದು ಒಳ್ಳೆಯದೋ ಕೆಟ್ಟದೋ ಆಗಿಬಿಡುವುದಾದರೆ, ನಾವು ತೂಗುತ್ತಿರುವುದು ಆಕೆಯ ಆಯ್ಕೆಯನ್ನಲ್ಲ, ಅದೃಷ್ಟವನ್ನು.

ಸಾಮತಿಯನ್ನು ಮತ್ತೊಮ್ಮೆ ಓದೋಣ. ಮೂರನೆಯ ಸೇವಕ ಹಣವನ್ನು ಯಾಕೆ ಹೂತಿಟ್ಟ? ಯಜಮಾನ ಕಠಿಣ ಮನುಷ್ಯ ಎಂಬ ಹೆದರಿಕೆಯಿಂದ. ತನಗೆ ನಷ್ಟವಾಗಬಾರದು, ಅಷ್ಟೇ ಅವನ ಚಿಂತೆ. ಅವನ ತಪ್ಪು ಅಲ್ಲಿದೆ. ಮಾಯಾ ಕೆಳಗಿಟ್ಟದ್ದು ನಷ್ಟಕ್ಕೆ ಹೆದರಿ ಅಲ್ಲ, ನಷ್ಟವಾಗುತ್ತದೆಂದು ತಿಳಿದೇ. ಹೊರಗಿನಿಂದ ನೋಡಿದರೆ ಹೂತಿಡುವುದೂ ಕೆಳಗಿಡುವುದೂ ಒಂದೇ ರೀತಿ ಕಾಣುತ್ತವೆ. ಎರಡರಲ್ಲೂ ಕೈ ಖಾಲಿ. ಒಂದು ಕೈ ತನ್ನನ್ನು ಕಾಪಾಡಿಕೊಳ್ಳಲು ಖಾಲಿಯಾಯಿತು, ಇನ್ನೊಂದು ಬೇರೆಯವರನ್ನು ಹಿಡಿದೆತ್ತಲು.

ಇನ್ನೊಂದು ವಿಷಯವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ತಲಾಂತುಗಳ ಸಾಮತಿ ಮುಗಿದ ಕೂಡಲೇ ಕಡೆಯ ತೀರ್ಪಿನ ಭಾಗ ಬರುತ್ತದೆ. ಅಲ್ಲಿ ಕೇಳುವ ಲೆಕ್ಕ ಬೇರೆ: ಹಸಿದವರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ ನಾವು ಏನು ಮಾಡಿದೆವು ಎಂಬುದು. ಎರಡೂ ಒಂದೇ ಅಧ್ಯಾಯದಲ್ಲಿವೆ. ಮೊದಲನೆಯದನ್ನು ಓದಿ ಪುಟ ಮುಚ್ಚಿದರೆ ಪ್ರತಿಭೆಯೇ ನಮ್ಮ ಯಜಮಾನನಾಗಿ ಕೂರುತ್ತದೆ. ಎರಡನೆಯದನ್ನೂ ಓದಿದರೆ ಅದು ಯಾರಿಗಾಗಿ ಎಂಬುದು ತಿಳಿಯುತ್ತದೆ.

ಹಾಗೆಂದು ಎಲ್ಲರೂ ಆಟ, ಓದು, ಉದ್ಯೋಗ ಬಿಟ್ಟು ಬನ್ನಿ ಎಂದು ನಾವು ಹೇಳುತ್ತಿಲ್ಲ. ಆಟದಲ್ಲೇ ಉಳಿದು ನೂರು ಹುಡುಗಿಯರಿಗೆ ಧೈರ್ಯ ಕೊಡುವುದೂ ಸೇವೆಯೇ. ಮಾಯಾ ಋತು ಆರಂಭವಾಗುವ ಮೊದಲೇ ತಿಳಿಸಿದರು. ತಂಡವನ್ನು ನಡುನೀರಿನಲ್ಲಿ ಕೈಬಿಡಲಿಲ್ಲ. ವರ್ಷಗಟ್ಟಲೆ ದುಡಿದಿದ್ದರಿಂದ ಬಿಡುವ ಶಕ್ತಿಯೂ ಅವರಿಗಿತ್ತು. ದಣಿವೂ ಅವರ ನಿರ್ಧಾರದಲ್ಲಿ ಸೇರಿತ್ತು. ಮನುಷ್ಯರ ಉದ್ದೇಶಗಳು ಒಂದೇ ಎಳೆಯವಾಗಿರುವುದು ಅಪರೂಪ, ಅದರಿಂದ ಒಳ್ಳೆಯತನ ಕಡಿಮೆಯಾಗುವುದಿಲ್ಲ.

ನಮ್ಮ ಮನೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಬಿಡುವುದು ಬೇರೆ, ಬಿಡಿಸುವುದು ಬೇರೆ. ಮಾಯಾ ತಾವಾಗಿಯೇ ಬಿಟ್ಟರು. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳ ಆಟ ಹತ್ತನೆಯ ತರಗತಿಗೇ ನಿಲ್ಲುತ್ತದೆ. ತಮ್ಮನ ಓದಿಗಾಗಿ, ಅಜ್ಜಿಯ ಆರೈಕೆಗಾಗಿ ಅಕ್ಕನ ಕಾಲೇಜು ನಿಲ್ಲುತ್ತದೆ. ಅದನ್ನು ‘ತ್ಯಾಗ’ ಎಂದು ಹೊಗಳುತ್ತೇವೆ, ಆದರೆ ನಿನ್ನ ಇಷ್ಟವೇನು ಎಂದು ಆಕೆಯನ್ನು ಕೇಳಿರುವುದಿಲ್ಲ. ಕೇಳದೆ ಪಡೆದದ್ದು ತ್ಯಾಗವಲ್ಲ, ಕಿತ್ತುಕೊಂಡದ್ದು. ಹಾಗೆಯೇ, ಒಳ್ಳೆಯ ಕೆಲಸ ಬಿಟ್ಟು ಹಾಸಿಗೆ ಹಿಡಿದ ತಾಯಿಯ ಬಳಿ ಇರಲು ತಾನಾಗಿ ಊರಿಗೆ ಬಂದ ಮಗನನ್ನು ‘ಇಷ್ಟು ಓದಿ ಏನು ಬಂತು’ ಎಂದು ಕೇಳುವವರೂ ನಾವೇ. ಎರಡು ಕಡೆಯೂ ನಾವು ಆ ವ್ಯಕ್ತಿಯ ಮನಸ್ಸನ್ನು ಬಿಟ್ಟು ಲಾಭನಷ್ಟ ನೋಡುತ್ತಿದ್ದೇವೆ.

ಮುಂದಿನ ಯುವಜನರ ಕೂಟದಲ್ಲಿ ಈ ಅಧ್ಯಾಯವನ್ನು ಪೂರ್ತಿಯಾಗಿ ಒಟ್ಟಿಗೆ ಓದಿ ಚರ್ಚಿಸೋಣ. ತಮಿಳು ಪೂಜೆಗೆ ಹೋಗುವ ಗೆಳೆಯರನ್ನೂ ಕರೆತನ್ನಿ. ಬರುವ ಮೊದಲು ಪ್ರತಿಯೊಬ್ಬರೂ ಎರಡು ಪ್ರಶ್ನೆಗಳನ್ನು ಯೋಚಿಸಿಕೊಂಡು ಬನ್ನಿ. ನಿಮಗೆ ಚೆನ್ನಾಗಿ ಬರುವ ಒಂದು ವಿದ್ಯೆ ಯಾವುದು? ಅದನ್ನು ಒಂದು ವರ್ಷ ಕೆಳಗಿಡಲು ನೀವು ಯಾರಿಗಾಗಿ ಸಿದ್ಧರಿದ್ದೀರಿ? ಯಾರ ಹೆಸರೂ ಹೊಳೆಯದಿದ್ದರೂ ಬನ್ನಿ, ಅಲ್ಲಿಂದಲೇ ಮಾತು ಶುರುಮಾಡೋಣ.